‘ಕರ್ಕಶ’ದ ಕಳ್ಳಸಂಚಿಕೆ

ಅಕ್ಕ ಸ್ಟೀಲ್ ಸ್ಕೇಲನ್ನು ಹಾಳೆಯ ಮೇಲಿಟ್ಟು ಮೂರನೆಯ ಸಲ ಅಳೆದಳು. ಈ ಸಲವೂ ತೊಂಬತ್ತನಾಲ್ಕು ಮಿಲಿಮೀಟರೇ ಬಂತು.

ಪಿನ್ನು ಕಿತ್ತು ಬಿಡಿಸಿಟ್ಟ ಹಾಳೆಯ ಒಂದು ಅಂಚಿನಲ್ಲಿ ಅಲ್ಪವಿರಾಮದಂಥ ಒಂದು ಕಪ್ಪು ಕಲೆ ಇತ್ತು. ಅಲ್ಲಿಂದ ತೊಂಬತ್ತನಾಲ್ಕು ಮಿಲಿಮೀಟರಿಗೆ ಅಂಥದೇ ಇನ್ನೊಂದು. ಅಷ್ಟೇ ದೂರಕ್ಕೆ ಮತ್ತೊಂದು. ಆರು ಹಾಳೆಗಳಲ್ಲೂ ಅದೇ ಕಲೆ, ಅದೇ ಅಂತರ.

ಅಕ್ಕನದು ಜೆರಾಕ್ಸ್ ಮಿಷಿನ್ ರಿಪೇರಿಯ ಕೆಲಸ. ಹದಿನೇಳು ವರ್ಷದಿಂದ ಊರಿನ ಆಫೀಸು, ಅಂಗಡಿ, ಶಾಲೆಗಳ ಮಿಷಿನ್‌ಗಳನ್ನು ಬಿಚ್ಚಿ ಜೋಡಿಸಿದವಳು. ಮಿಷಿನ್ನಿನ ಹೊಟ್ಟೆಯಲ್ಲಿ ತಿರುಗುವ ಡ್ರಮ್ಮಿಗೆ ಒಂದು ಗೀರು ಬಿದ್ದರೆ, ಅದು ಪ್ರತಿ ಸುತ್ತಿಗೂ ಕಾಗದದ ಮೇಲೆ ಒಂದು ಕಲೆ ಒತ್ತುತ್ತದೆ. ಕಲೆಯಿಂದ ಕಲೆಗೆ ಇರುವ ದೂರವೇ ಡ್ರಮ್ಮಿನ ಸುತ್ತಳತೆ. ಗೀರಿನ ಆಕಾರ ಆ ಮಿಷಿನ್ನಿನ ಬೆರಳಚ್ಚು.

“ಇದು ಸಣ್ಣ ಮಿಷಿನ್ ಕಣೇ. ನೀನು ಕೊಡೋ ಅಂಗಡಿದಲ್ಲ. ಅವರದು ದೊಡ್ಡ ಡ್ರಮ್ಮು, ಇದರ ಎರಡು ಪಟ್ಟಿಗೂ ಮೇಲೆ” ಎಂದಳು ಅಕ್ಕ.

ಎದುರಿಗೆ ತಂಗಿ ಕುಳಿತಿದ್ದಳು. ಅವಳ ಕೋಣೆಯ ಮೂಲೆಯಲ್ಲಿ ಕಾಗದದ ಒಂದು ರಾಶಿ ಬಿದ್ದಿತ್ತು. ಜನ ಹರಿದು ಟಪಾಲು ಡಬ್ಬಿಗೆ ತುರುಕಿ ಹೋದ, ಅವಳ ಪತ್ರಿಕೆ ‘ಕರ್ಕಶ’ದ ಪ್ರತಿಗಳು. ಕೆಲವುಗಳ ಮೇಲೆ ಉಗುಳಿದ್ದರು.

ಆರು ವರ್ಷ, ಇಪ್ಪತ್ತೆರಡು ಸಂಚಿಕೆ. ರೆಗ್ಗೇ, ಪಂಕ್ ಸಂಗೀತ, ಜೊತೆಗೆ ಈ ಊರಿನ ಗ್ಯಾರೇಜುಗಳಲ್ಲಿ, ಮಹಡಿಗಳಲ್ಲಿ ಬಾರಿಸುವ ತಂಡಗಳು. ದೊಡ್ಡ ಪತ್ರಿಕೆಗಳು ಕಣ್ಣೆತ್ತಿಯೂ ನೋಡದ ಹುಡುಗ ಹುಡುಗಿಯರ ಬಗ್ಗೆ ತಂಗಿ ತಾನೇ ಬರೆದು, ತಾನೇ ಕತ್ತರಿಸಿ ಅಂಟಿಸಿ, ಜೆರಾಕ್ಸ್ ಮಾಡಿಸಿ, ಎರಡು ಪಿನ್ನು ಹೊಡೆದು ಹಂಚುತ್ತಿದ್ದಳು. ಹೊಗಳಿದರೂ ಬೈದರೂ ಕೆಳಗೆ ಅವಳ ಸಹಿ ಇರುತ್ತಿತ್ತು.

ಮೂರು ವಾರದ ಹಿಂದೆ ಹೊರಬಿದ್ದ ಇಪ್ಪತ್ತಮೂರನೆಯ ಸಂಚಿಕೆಯನ್ನು ಮಾತ್ರ ಅವಳು ಮಾಡಿರಲಿಲ್ಲ.

ಅದರ ಕೊನೆಯ ಪುಟದಲ್ಲಿ ಒಂದು ಬರಹವಿತ್ತು. ಅದಕ್ಕೆ ಕೆಲವು ದಿನ ಮೊದಲು ಹಳೆಯ ಐಸ್ ಫ್ಯಾಕ್ಟರಿಯ ಶೆಡ್ಡಿನಲ್ಲಿ ಕಾರ್ಯಕ್ರಮ ನಡೆಯುತ್ತಿದ್ದಾಗ ಪೊಲೀಸರು ನುಗ್ಗಿ ಒಂಬತ್ತು ಜನರನ್ನು ಹಿಡಿದುಕೊಂಡು ಹೋಗಿದ್ದರು. ಗಿಟಾರು, ಸ್ಪೀಕರುಗಳು ಇನ್ನೂ ಠಾಣೆಯಲ್ಲೇ ಕೊಳೆಯುತ್ತಿವೆ. ಸುಳಿವು ಕೊಟ್ಟವನು ನಮ್ಮೊಳಗೇ ಇದ್ದಾನೆ ಎಂದಿತ್ತು ಬರಹ. ಕೆಳಗೆ ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ಒಂದು ಹೆಸರು. ಮೌನಿ.

ಮೌನಿ ಎಂದರೆ ‘ಇಳಿಜಾರು’ ಎಂಬ ರೆಗ್ಗೇ ತಂಡದಲ್ಲಿ ಬೇಸ್ ಗಿಟಾರ್ ನುಡಿಸುವವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು; ಅದಕ್ಕೇ ಆ ಅಡ್ಡಹೆಸರು. ಸಂಚಿಕೆ ಬಂದ ಮಾರನೆಯ ದಿನ ಬೀದಿಯಲ್ಲಿ ಅವನನ್ನು ಸುತ್ತುವರಿದು, ವ್ಯಾನಿನ ಬಾಗಿಲ ಸಂದಿಗೆ ಅವನ ಎಡಗೈ ಇಟ್ಟು ಬಾಗಿಲು ಬಡಿದರು. ಮೂರು ಬೆರಳು ಮುರಿದವು. ಸುತ್ತ ಮೂವತ್ತು ಜನ ನಿಂತಿದ್ದರಂತೆ. ಬಾಗಿಲು ಬಡಿದವರು ಯಾರೆಂದು ಕೇಳಿದರೆ ಮೂವತ್ತೂ ಜನ ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದರಂತೆ.

ಅಕ್ಕನಿಗೆ ಅದನ್ನು ನೆನೆದಾಗಲೆಲ್ಲ ಮೈ ಉರಿಯುತ್ತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಆರು ವರ್ಷ ಒಂದು ಸುಳ್ಳು ಬರೆಯದವಳು ಹೀಗೆ ಬರೆಯುತ್ತಾಳೆಯೇ ಎಂದು ಒಬ್ಬನಾದರೂ ಬಾಗಿಲು ತಟ್ಟಿ ಕೇಳಬಾರದಿತ್ತೇ?

ಅನುಮಾನ ಮೊದಲು ಹೋದದ್ದು ‘ಬಾಯ್ಮುಚ್ಚು’ ಎಂಬ ಪಂಕ್ ತಂಡದ ಹಾಡುಗಾರನ ಮೇಲೆ. ಎಲ್ಲರೂ ಅವನನ್ನು ಸೈರನ್ ಎನ್ನುತ್ತಾರೆ. ಅವನ ಕ್ಯಾಸೆಟ್ಟನ್ನು ತಂಗಿ ಒಮ್ಮೆ ಹಿಗ್ಗಾಮುಗ್ಗಾ ಬೈದು ಬರೆದಿದ್ದಳು. ಆದರೆ ಅವನು ಅದಕ್ಕೆ ಎರಡು ಪುಟ ಉತ್ತರ ಬರೆದು ಕಳಿಸಿದ, ತಂಗಿ ಅದನ್ನು ಒಂದಕ್ಷರ ಬಿಡದೆ ಹಾಕಿದಳು. ಅಲ್ಲಿಗೆ ಲೆಕ್ಕ ಚುಕ್ತಾ. ಮೇಲಾಗಿ ಕಳ್ಳಸಂಚಿಕೆ ಜೆರಾಕ್ಸ್ ಆಗುವಾಗ ಸೈರನ್ ಲಾಕಪ್ಪಿನಿಂದ ಬಂದು ಜ್ವರದಲ್ಲಿ ಮಲಗಿದ್ದ.

ಅಕ್ಕ ತನ್ನ ಸರ್ವಿಸ್ ಡೈರಿ ತೆಗೆದಳು. ಯಾವ ದಿನ ಯಾವ ಮಿಷಿನ್, ಏನು ತೊಂದರೆ, ಏನು ಬದಲಾಯಿಸಿದ್ದು ಎಲ್ಲ ಅದರಲ್ಲಿತ್ತು. ಸಣ್ಣ ಡ್ರಮ್ಮಿನ ಮಿಷಿನ್‌ಗಳು ಹನ್ನೊಂದು. ಬೆರಳಿಟ್ಟು ಓದುತ್ತ ಹೋದವಳು ಒಂಬತ್ತನೆಯ ಸಾಲಿನಲ್ಲಿ ನಿಂತಳು.

“ಸಿಕ್ಕಿಕೊಂಡ ಪಿನ್ನನ್ನು ಸ್ಕ್ರೂಡ್ರೈವರಿನಿಂದ ಕಿತ್ತಿದ್ದಾರೆ. ಡ್ರಮ್ಮಿಗೆ ಕೊಕ್ಕೆ ಗೀರು. ಬದಲಾಯಿಸಲು ಹೇಳಿದೆ, ಒಪ್ಪಲಿಲ್ಲ.”

ಅದು ಸಂಗೀತ ಕಾರ್ಯಕ್ರಮಗಳ ಹಾಲ್‌ನ ಆಫೀಸು.

ತಂಗಿ ಡೈರಿಯನ್ನು ಎಳೆದುಕೊಂಡು ಓದಿದಳು. ಅವಳ ಕಿವಿ ಕೆಂಪಾದವು. ಇಪ್ಪತ್ತೆರಡನೆಯ ಸಂಚಿಕೆಯಲ್ಲಿ ಅವಳು ಬರೆದಿದ್ದು ಆ ಹಾಲ್‌ ಬಗ್ಗೆಯೇ. ಮುನ್ನೂರು ಜನ ಒಳಗಿದ್ದಾಗ ಹಿಂಬಾಗಿಲಿಗೆ ಸರಪಳಿ ಸುತ್ತಿ ಬೀಗ ಹಾಕುತ್ತಾರೆ ಎಂದು ಫೋಟೋ ಸಮೇತ ಹಾಕಿದ್ದಳು. ಆಮೇಲೆ ಒಂದು ತಂಡವೂ ಅಲ್ಲಿ ಹಾಡಲಿಲ್ಲ. ಎಲ್ಲರೂ ಐಸ್ ಫ್ಯಾಕ್ಟರಿಯ ಶೆಡ್ಡಿಗೆ ಹೋದರು.

“ನಾನೂ ಬರ್ತೀನಿ” ಎಂದು ತಂಗಿ ಎದ್ದಳು.

“ನೀನು ಸ್ಕೂಟರ್ ಹತ್ರ ಇರು. ನಿನ್ನ ಮುಖ ನೋಡಿದ್ರೆ ಆ ಮ್ಯಾನೇಜರ್ ಬಾಗಿಲೇ ತೆಗೆಯಲ್ಲ. ನನ್ನ ಬ್ಯಾಗ್ ನೋಡಿದ್ರೆ ತೆಗೀತಾನೆ.”

*

ಬೆಳಗ್ಗೆ ಹನ್ನೊಂದಕ್ಕೆ ಹಾಲ್ ಖಾಲಿ ಹೊಡೆಯುತ್ತಿತ್ತು. ಮಡಚಿದ ಕುರ್ಚಿಗಳನ್ನು ಗೋಡೆಗೆ ಒರಗಿಸಿದ್ದರು. ಉಪಕರಣದ ಬ್ಯಾಗು ಹಿಡಿದು ಅಕ್ಕ ವೇದಿಕೆಯ ಪಕ್ಕದಿಂದ ಆಫೀಸಿನ ಕಡೆ ನಡೆದಳು. ದಾರಿಯಲ್ಲೇ ಆ ಹಿಂಬಾಗಿಲು. ಸರಪಳಿ ಹಾಗೇ ಇತ್ತು, ಬೀಗವೂ ಹಾಗೇ ಇತ್ತು.

ಆಫೀಸಿನಲ್ಲಿ ಯಾರೂ ಇರಲಿಲ್ಲ. ಮಿಷಿನ್ನಿಗೆ ನಂಬರ್ ಒತ್ತಿದರೆ ಮಾತ್ರ ಕೆಲಸ ಮಾಡುವ ಲಾಕ್ ಇತ್ತು. ರಿಪೇರಿಯವರಿಗೆಂದು ಬೇರೆ ನಂಬರ್ ಇರುತ್ತದೆ, ಅದನ್ನು ಒತ್ತಿದಳು. ಗಾಜಿನ ಮೇಲೆ ಏನೂ ಇಡದೆ ಒಂದು ಪ್ರತಿ ತೆಗೆದಳು.

ಬಿಳಿ ಹಾಳೆ ಬೆಚ್ಚಗೆ ಹೊರಬಂತು. ಅಂಚಿನಲ್ಲಿ ಮೂರು ಅಲ್ಪವಿರಾಮ.

ಅದನ್ನು ಕಳ್ಳಸಂಚಿಕೆಯ ಹಾಳೆಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಕಲೆಯ ಮೇಲೆ ಕಲೆ ಕೂತಿತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

“ಮಿಷಿನ್ ಸರಿಯಾಗೇ ಇದೆಯಲ್ಲಮ್ಮ. ಯಾರು ಕರೆದಿದ್ದು ನಿಮ್ಮನ್ನ?”

ಹಾಲ್ ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದ. ಐವತ್ತು ದಾಟಿದ, ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಯಾವತ್ತೂ ದನಿ ಎತ್ತಿದವನಲ್ಲ.

“ಯಾರೂ ಕರೀಲಿಲ್ಲ ಸರ್. ನಾನೇ ಬಂದೆ” ಎಂದು ಅಕ್ಕ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಹಾಸಿ, ಸ್ಕೇಲ್ ಇಟ್ಟು ತೋರಿಸಿದಳು. ಡ್ರಮ್ಮು, ಗೀರು, ಅಳತೆ ಎಲ್ಲವನ್ನೂ ಪಾಠ ಹೇಳುವಂತೆ ಹೇಳಿದಳು.

ಅವನು ಮೊದಲು ನಕ್ಕ. ಆಫೀಸಿಗೆ ದಿನಾ ಹತ್ತು ಜನ ಬಂದು ಹೋಗುತ್ತಾರೆ, ಯಾರು ಏನು ಒತ್ತಿದರೋ ತನಗೇನು ಗೊತ್ತು ಎಂದ. ಊರಲ್ಲಿ ಇಂಥ ಮಿಷಿನ್ ಇನ್ನೆಷ್ಟಿಲ್ಲ ಎಂದ. ಅಷ್ಟಕ್ಕೂ ಜೆರಾಕ್ಸ್ ಮಾಡುವುದು ಅಪರಾಧವೇ ಎಂದ. ಯಾರೂ ಕೇಳದ ಪ್ರಶ್ನೆಗಳಿಗೂ ಒಂದೊಂದು ಉತ್ತರ ಕೊಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ ಎಂದುಕೊಂಡಳು ಅಕ್ಕ.

“ಲಾಕ್ ಹಾಕಿಕೊಟ್ಟಿದ್ದು ನಾನು ಸರ್. ನಂಬರ್ ನಿಮಗೊಬ್ಬರಿಗೇ ಗೊತ್ತು. ಸಿಬ್ಬಂದಿ ಕಾಗದ ಹಾಳು ಮಾಡ್ತಾರೆ ಅಂತ ನೀವೇ ಹಾಕಿಸಿದ್ರಿ.”

ಮ್ಯಾನೇಜರ್ ಕುರ್ಚಿ ಎಳೆದು ಕುಳಿತ. ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡಾಗ ಮುಖದಲ್ಲಿ ನಗು ಉಳಿದಿರಲಿಲ್ಲ.

“ಆರು ವರ್ಷ ಇವರಿಗೆಲ್ಲ ವೇದಿಕೆ ಕೊಟ್ಟೋನು ನಾನು. ಬೇರೆ ಯಾರು ಒಳಗೆ ಬಿಟ್ಕೊಳ್ತಿದ್ರು? ನಿಮ್ಮ ತಂಗಿ ಒಂದು ಪುಟ ಬರೆದ್ಲು, ಒಬ್ರೂ ಈ ಕಡೆ ತಲೆ ಹಾಕ್ಲಿಲ್ಲ. ನನಗೂ ಹೊಟ್ಟೆ ಉರಿಯುತ್ತಮ್ಮ.”

“ಅವಳು ಬರೆದಿದ್ದು ಸುಳ್ಳಾ?”

“ಹಿಂದಿನ ಬಾಗಿಲು ಬಿಟ್ರೆ ಟಿಕೆಟ್ ಇಲ್ದೆ ನುಗ್ತಾರೆ.”

“ಒಳಗೆ ಮುನ್ನೂರು ಜನ ಇರ್ತಾರೆ. ಬೆಂಕಿ ಬಿದ್ರೆ?”

“ಬಿದ್ದಿಲ್ವಲ್ಲ.”

ಇವನು ಇಷ್ಟು ಹೊತ್ತು ಹೇಳಿದ ಸುಳ್ಳುಗಳಿಗಿಂತ ಈ ಒಂದು ನಿಜ ಅಕ್ಕನನ್ನು ಹೆಚ್ಚು ಕೆರಳಿಸಿತು. ಬೆಂಕಿ ಬೀಳಲಿಲ್ಲ, ಆದ್ದರಿಂದ ಬಾಗಿಲು ಸರಿ. ಸತ್ತ ಮೇಲೆ ತಾನೇ ತಪ್ಪು.

ಅವನು ಹೇಳುತ್ತ ಹೋದ. ‘ಕರ್ಕಶ’ದ ಹಳೆಯ ಸಂಚಿಕೆಗಳಿಂದ ಮುಖಪುಟದ ಶೀರ್ಷಿಕೆ, ಚಿತ್ರ, ಅಕ್ಷರ ಕತ್ತರಿಸಿ ಅಂಟಿಸಿದ್ದು ತಾನೇ. ಐದು ಹಾಳೆಗಳಿಗೆ ಹಳೆಯ ಬರಹಗಳನ್ನೇ ಹಿಂದೆ ಮುಂದೆ ಮಾಡಿ ತುಂಬಿಸಿ, ಕೊನೆಯ ಪುಟಕ್ಕೆ ಮಾತ್ರ ಹೊಸದಾಗಿ ಬರೆದದ್ದು. ಇನ್ನೂರು ಪ್ರತಿ. ಈ ಪತ್ರಿಕೆ ಬಾಯಿಗೆ ಬಂದದ್ದು ಬರೆಯುತ್ತದೆ ಎಂದು ಜನಕ್ಕೆ ಒಮ್ಮೆ ಅನಿಸಿದರೆ, ಬಾಗಿಲಿನ ಸುದ್ದಿಯೂ ಅದರ ಜೊತೆಗೇ ಕೊಚ್ಚಿಹೋಗುತ್ತದೆ. ಅವನ ಲೆಕ್ಕ ಅಷ್ಟೇ.

“ಅದಕ್ಕೆ ಒಬ್ಬನ ಬೆರಳು ಮುರಿಸಿದ್ರಲ್ಲ.”

“ನಾನು ಯಾರ ಹೆಸರೂ ಹಾಕಿಲ್ಲ.”

“ಸರ್, ಹೆಸರು ಇಲ್ಲೇ ಇದೆ.”

“ನಾನು ಹಾಕಿಲ್ಲ ಅಂದೆನಲ್ಲಮ್ಮ. ನನಗೆ ಹೆಸರು ಬೇಕಾಗೇ ಇರ್ಲಿಲ್ಲ. ಹೆಸರು ಇಲ್ದಿದ್ರೇ ಒಬ್ಬರನ್ನೊಬ್ರು ಅನುಮಾನ ಪಡ್ತಾರೆ.”

ಎಷ್ಟು ಸಲೀಸಾಗಿ ಹೇಳಿದ, ಕುರ್ಚಿ ಎಷ್ಟು ಹಾಕಬೇಕೆಂದು ಹೇಳುವ ಹಾಗೆ. ಅವನು ಮೇಜಿನ ಕೆಳಗಿನ ಡ್ರಾಯರಿನ ಬೀಗ ತೆಗೆದು, ಪಿನ್ನು ಹೊಡೆಯದೆ ಉಳಿದಿದ್ದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟ.

ಅದೇ ಕೊನೆಯ ಪುಟ. ಅದೇ ಮೂರು ಕಲೆ. ‘ಅವನು ನಮ್ಮ ನಡುವೆಯೇ ಇದ್ದಾನೆ’ ಎಂಬಲ್ಲಿಗೆ ಬರಹ ಮುಗಿದಿತ್ತು. ಅದರ ಕೆಳಗೆ ಬರೀ ಬಿಳಿ ಜಾಗ.

ಅಕ್ಕ ತನ್ನ ಪ್ರತಿಯನ್ನು ಪಕ್ಕಕ್ಕಿಟ್ಟು ನೋಡಿದಳು. ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಹೆಬ್ಬೆರಳು ಅದ್ದಿ, ಬರಹದ ಮೇಲೆ ಉಜ್ಜಿದಳು. ಏನೂ ಆಗಲಿಲ್ಲ. ಜೆರಾಕ್ಸ್ ಪುಡಿ ಕಾಗದಕ್ಕೆ ಕರಗಿ ಅಂಟಿರುತ್ತದೆ, ನೀರಿಗೆ ಜಗ್ಗುವುದಿಲ್ಲ.

ಅದೇ ಬೆರಳನ್ನು ಹೆಸರಿನ ಮೇಲೆ ಉಜ್ಜಿದಳು. ‘ಮೌನಿ’ ಕಪ್ಪು ನೀರಾಗಿ ಕಲಸಿಹೋಯಿತು.

ಸ್ಟಾಂಪ್ ಪ್ಯಾಡಿನ ಶಾಯಿ. ರಬ್ಬರ್ ಅಕ್ಷರಗಳಿಂದ ಒತ್ತಿದ್ದು. ಜೆರಾಕ್ಸ್ ಆದ ಮೇಲೆ, ಒಂದೊಂದೇ ಪ್ರತಿಯ ಮೇಲೆ, ಇನ್ನೂರು ಸಲ.

ಇಷ್ಟು ದಿನ ಕಲೆಗಳನ್ನು ಅಳೆದದ್ದೇ ಬಂತು, ಹೆಸರನ್ನು ಮುಟ್ಟಿ ನೋಡಲಿಲ್ಲವಲ್ಲ ಎಂದು ಅಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು. ಈ ಕಟ್ಟನ್ನು ಯಾರ ಕೈಯಲ್ಲಿ ಕಳಿಸಿದಿರಿ ಎಂದು ಕೇಳಿದಳು.

ಮ್ಯಾನೇಜರ್ ಉತ್ತರ ಕೊಡುವ ಮುಂಚೆ ಬಾಗಿಲ ಕಡೆ ನೋಡಿದ. ದನಿ ಇನ್ನಷ್ಟು ಇಳಿಯಿತು.

“ಒಬ್ಬ ಹಗಲು ಹೊತ್ತು ಇಲ್ಲೇ ಲೈಟು, ವೈರಿಂಗ್ ಕೆಲಸ ನೋಡ್ಕೊಳ್ತಿದ್ದ. ಕ್ಯಾಸೆಟ್ ಅಂಗಡಿಗೆ ಹೋಗ್ತೀನಿ ಅಂದ. ಪತ್ರಿಕೆ ಇಡೋದೂ ಅದೇ ಅಂಗಡೀಲಿ. ಕಟ್ಟಿದ ಗಂಟು ಕೊಟ್ಟು, ಅಲ್ಲಿ ಇಟ್ಟು ಬಾ ಅಂದೆ. ಬೆಳಗ್ಗೆ ಹತ್ತಕ್ಕೆ ತಗೊಂಡು ಹೋದೋನು ಅಂಗಡಿಗೆ ಮುಟ್ಟಿಸಿದ್ದು ಸಂಜೆ ಅಂತೆ.”

“ಯಾರು?”

“ಮೌನಿ.”

ಅಕ್ಕ ಹೆಬ್ಬೆರಳನ್ನು ನೋಡಿಕೊಂಡಳು.

ಮೌನಿಯ ಬೆರಳು ಮುರಿದ ಮೇಲೆಯೇ ತಾನು ಆ ಹೆಸರು ನೋಡಿದ್ದು ಎಂದು ಮ್ಯಾನೇಜರ್ ಹೇಳಿದ. ಬಾಯಿ ಬಿಟ್ಟರೆ ಎಲ್ಲ ತನ್ನ ಬುಡಕ್ಕೇ ಬರುತ್ತಿತ್ತು ಎಂದ. ಅವನೇ ತನ್ನ ಹೆಸರು ಹಾಕಿಕೊಂಡರೆ ಬೇರೆಯವರು ಏನು ಮಾಡಲಾಗುತ್ತದೆ ಎಂದೂ ಕೇಳಿದ.

“ಮೂರು ವಾರ” ಎಂದಳು ಅಕ್ಕ. “ಆ ಹುಡುಗ ಪ್ಲಾಸ್ಟರ್ ಹಾಕ್ಕೊಂಡು ಕೂತಿದಾನೆ. ನನ್ನ ತಂಗಿ ಬೀದಿಗಿಳಿದ್ರೆ ಜನ ಉಗೀತಾರೆ. ನೀವು ಇಲ್ಲಿ ಡ್ರಾಯರಿಗೆ ಬೀಗ ಹಾಕ್ಕೊಂಡು ಊಟ ಮಾಡ್ತಾ ಇದ್ರಿ.”

ಅವನಿಗೆ ಹೇಳಲು ಏನೋ ಇತ್ತು. ಅಕ್ಕ ಕೇಳಿಸಿಕೊಳ್ಳಲಿಲ್ಲ. ಮೂರೂ ಹಾಳೆಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಹೊರಬಂದಳು.

ಹಿಂಬಾಗಿಲ ಹತ್ತಿರ ಅವಳ ಕಾಲು ತಾನಾಗಿ ನಿಂತಿತು. ಸರಪಳಿಗೆ ಒಳ್ಳೆಯ ಬೀಗವೇ ಇತ್ತು. ಆದರೆ ಸರಪಳಿ ತೂರಿಸಿದ್ದ ಎರಡು ಕೊಂಡಿಗಳಿಗೆ ಇದ್ದದ್ದು ನಾಲ್ಕು ನಾಲ್ಕು ಸ್ಕ್ರೂ. ಅಕ್ಕ ಮೊಣಕಾಲೂರಿ ಸ್ಕ್ರೂಡ್ರೈವರ್ ತೆಗೆದಳು. ಹಿಂದೆ ಬಂದು ನಿಂತ ಮ್ಯಾನೇಜರ್ ಇದು ಹಾಲ್‌ನ ಆಸ್ತಿ ಎಂದ, ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದ. ಮಾಡಿ ಎಂದಳು. ಬಂದವರಿಗೆ ಬಾಗಿಲನ್ನೂ ತೋರಿಸೋಣ, ಹಾಳೆಗಳನ್ನೂ ತೋರಿಸೋಣ ಎಂದಳು.

ಅವನು ಫೋನ್ ಮಾಡಲಿಲ್ಲ.

ಎಂಟು ಸ್ಕ್ರೂಗಳೂ ಬಿಚ್ಚಿದವು. ಕೊಂಡಿ, ಸರಪಳಿ, ಬೀಗ ಎಲ್ಲ ಒಟ್ಟಿಗೆ ನೆಲಕ್ಕೆ ಬಿದ್ದವು. ಅಕ್ಕ ಅವನ್ನು ಹೊತ್ತು ತಂದು ಅವನ ಮೇಜಿನ ಮೇಲೆ, ತೆರೆದ ಡ್ರಾಯರಿನ ಪಕ್ಕ ಇಟ್ಟಳು. ಆಮೇಲೆ ಆ ಹಿಂಬಾಗಿಲನ್ನೇ ತಳ್ಳಿಕೊಂಡು ಬೀದಿಗೆ ನಡೆದಳು.

*

ತಂಗಿಗೆ ಅವಳು ಅರ್ಧ ಮಾತ್ರ ಹೇಳಿದಳು. ಮಾಡಿದ್ದು ಮ್ಯಾನೇಜರ್, ಒಪ್ಪಿಕೊಂಡ, ಸಾಕ್ಷಿ ಸಿಕ್ಕಿತು ಎಂದಳು. ಹೆಸರಿನ ಸುದ್ದಿ ಎತ್ತಲಿಲ್ಲ. ತಂಗಿ ಸ್ಕೂಟರ್ ಸ್ಟಾರ್ಟ್ ಮಾಡಿದಳು. ಇವತ್ತೇ ಕೂತು ಬರೆಯುತ್ತೇನೆ, ನಾಳೆ ಊರಿನ ಪ್ರತಿ ಗೋಡೆಗೂ ಅಂಟಿಸುತ್ತೇನೆ ಎಂದಳು.

ಮೊದಲು ಮೌನಿಯನ್ನು ನೋಡಬೇಕು ಎಂದಳು ಅಕ್ಕ. ತಂಗಿ ಅಲ್ಲಿಯವರೆಗೂ ಸ್ಕೂಟರ್ ಓಡಿಸಿದಳು, ಆದರೆ ಮೆಟ್ಟಿಲು ಹತ್ತಲಿಲ್ಲ. ಅವನ ಬೆರಳು ನನ್ನ ಪತ್ರಿಕೆಯ ಹೆಸರಲ್ಲಿ ಮುರಿದದ್ದು, ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಕೆಳಗೇ ಕೂತಳು.

ಮೌನಿಯ ಕೋಣೆ ಎರಡನೆಯ ಮಹಡಿಯಲ್ಲಿತ್ತು. ಮಂಚದ ಪಕ್ಕ ಬೇಸ್ ಗಿಟಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ಅವನು ಬಲಗೈಯಲ್ಲೇ ಕುರ್ಚಿ ಎಳೆದು ಕೊಟ್ಟು, ಮಂಚದ ತುದಿಯಲ್ಲಿ ಕುಳಿತ. ಎಡಗೈ ಮೊಣಕೈವರೆಗೆ ಬಿಳಿ ಪ್ಲಾಸ್ಟರು.

ಅಕ್ಕ ಕೊನೆಯ ಪುಟದ ಎರಡೂ ಹಾಳೆಗಳನ್ನು ಅವನ ಪಕ್ಕ ಹಾಸಿದಳು. ಒಂದರಲ್ಲಿ ಬಿಳಿ ಜಾಗ, ಇನ್ನೊಂದರಲ್ಲಿ ಕಲಸಿದ ಕಪ್ಪು. ಅವನು ಆ ಕಪ್ಪಿನ ಮೇಲೆ ಬಲಗೈಯ ಬೆರಳಿಟ್ಟ.

“ನಾನೇ ಒತ್ತಿದ್ದು” ಎಂದ.

ಅವಳಿಗೆ ಅವನ ಮೇಲೂ ಸಿಟ್ಟು ಬಂತು. ಗಂಟನ್ನು ಚರಂಡಿಗೆ ಎಸೆಯಬಹುದಿತ್ತಲ್ಲ, ತಂದು ನಮಗೆ ಕೊಡಬಹುದಿತ್ತಲ್ಲ, ಸುಡಬಹುದಿತ್ತಲ್ಲ ಎಂದು ಒಂದರ ಮೇಲೊಂದು ಕೇಳಿದಳು. ಎಸೆದರೆ ಮ್ಯಾನೇಜರ್ ಮತ್ತೆ ಇನ್ನೂರು ತೆಗೆಯುತ್ತಿದ್ದ ಎಂದ ಮೌನಿ. ಆಮೇಲೆ ಅವನು ಹೇಳಿದಷ್ಟು ಮಾತನ್ನು ಅಕ್ಕ ಅವನ ಬಾಯಲ್ಲಿ ಒಂದೇ ಸಲ ಎಂದೂ ಕೇಳಿರಲಿಲ್ಲ.

“ಶೆಡ್ಡಿನ ಸುದ್ದಿ ಹೊರಗೆ ಹೋಗಿದ್ದು ನಿಜ ಅಕ್ಕಾ. ಹೆಸರು ಇಲ್ದೆ ಬಿಟ್ಟಿದ್ರೆ ಎಲ್ಲರೂ ಹುಡುಕೋಕೆ ಶುರು ಮಾಡ್ತಿದ್ರು. ಹುಡುಕಿದ್ರೆ ಸಿಕ್ಕಿಬಿಡ್ತಿದ್ರು. ಒಂದು ಹೆಸರು ಸಿಕ್ಕಿದ್ರೆ ಹುಡುಕೋದು ನಿಲ್ಲಿಸ್ತಾರೆ ಅಂತ ಗೊತ್ತಿತ್ತು. ಬೆರಳಿಗೆ ಬರುತ್ತೆ ಅಂತ ಗೊತ್ತಿರ್ಲಿಲ್ಲ.”

“ಪೊಲೀಸರಿಗೆ ಫೋನ್ ಮಾಡಿದ್ದು ಯಾರು?”

ಮೌನಿ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದ.

“ಅವರು ಕೆಟ್ಟದ್ದಕ್ಕೆ ಮಾಡ್ಲಿಲ್ಲ. ಆ ಶೆಡ್ಡಿಗೂ ಇದ್ದಿದ್ದು ಒಂದೇ ಬಾಗಿಲು. ಅಷ್ಟು ಸಾಕು ಅಕ್ಕಾ. ಇನ್ನು ಕೇಳ್ಬೇಡಿ.”

ಮತ್ತೆ ಕೇಳಲು ಬಾಯಿ ತೆರೆದ ಅಕ್ಕನ ಕಿವಿಗೆ ಅವನ ಒಂದು ಮಾತು ಚುಚ್ಚಿತು. ಒಬ್ಬರ ಬಗ್ಗೆಯೇ ಮಾತಾಡುತ್ತಿದ್ದ ಅವನು. ಆದರೆ ಅವನು ಎನ್ನಲಿಲ್ಲ, ಅವಳು ಎನ್ನಲಿಲ್ಲ. ಅವರು ಎಂದ. ಸಿಕ್ಕಿಬಿಡ್ತಿದ್ರು ಎಂದ.

ಆ ಗುಂಪಿನಲ್ಲಿ ಎಲ್ಲರೂ ಎಲ್ಲರಿಗೂ ಏಕವಚನವೇ. ಹೋಗೋ, ಬಾರೇ ಎಂದೇ ಬೆಳೆದವರು. ಮೌನಿ ಬಹುವಚನ ಕೊಡುತ್ತಿದ್ದುದು ಇಬ್ಬರಿಗೆ ಮಾತ್ರ. ಒಬ್ಬಳು ಈ ಕುರ್ಚಿಯಲ್ಲಿ ಕುಳಿತಿದ್ದಳು. ಇನ್ನೊಬ್ಬಳು ಅವನ ಬಗ್ಗೆ ಮೊಟ್ಟಮೊದಲು ಎರಡು ಸಾಲು ಬರೆದವಳು. ಅಂದಿನಿಂದ ಅವಳು ಅವನಿಗೆ ‘ಎಡಿಟರ್, ನೀವು’.

ಕೆಳಗೆ ಬೀದಿಯಲ್ಲಿ ಸ್ಕೂಟರಿನ ಹಾರನ್ ಒಮ್ಮೆ ಸದ್ದಾಯಿತು. ಅಷ್ಟು ಹೊತ್ತು ನೆಲ ನೋಡುತ್ತಿದ್ದ ಮೌನಿ ಥಟ್ಟನೆ ಎದ್ದು, ಮುರಿಯದ ಕೈಯಿಂದ ಕಿಟಕಿಯನ್ನು ಮುಚ್ಚಿದ.